ಉಪ್ಪಿನ ಡಬ್ಬ ಎಲ್ಲಿದೆ?

ನಮ್ಮ ಪತ್ರಿಕೆಯ ಕಳೆದ ಸಂಚಿಕೆಯ ಕೊನೆಯ ಪುಟವನ್ನು ಎಷ್ಟು ಜನ ಹುಡುಗರು ಓದಿದಿರೋ ಗೊತ್ತಿಲ್ಲ. 'ಸೋದರಿಯರಿಗೆ ಅಡುಗೆಮನೆಯ ಕಿವಿಮಾತು' ಎಂಬ ತಲೆಬರಹ, ಅದರ ಕೆಳಗೆ ಹನ್ನೆರಡು ಸಲಹೆ. ನಾನಂತೂ ಓದಲಿಲ್ಲ. 'ಸೋದರಿಯರಿಗೆ' ಎಂದು ಬರೆದ ಮೇಲೆ ಅದು ನನಗಲ್ಲ ಅಂತ ಪುಟ ಮಡಿಚಿಟ್ಟೆ. ಕವಿತೆ ಓದಿದೆ, ಕಥೆ ಓದಿದೆ, ಅಧ್ಯಕ್ಷರ ಮಾತನ್ನೂ ಓದಿದೆ. ಆ ಪುಟವನ್ನು ಮಾತ್ರ ಬಿಟ್ಟೆ.

ಒಂದು ತಿಂಗಳಾದ ಮೇಲೆ ಒಂದು ರಾತ್ರಿ ಅದೇ ಪುಟವನ್ನು ಹುಡುಕಿ ತೆಗೆದು, ಎಡಗೈಯಲ್ಲಿ ಹಿಡಿದುಕೊಂಡು ಓದಿದೆ. ಎಡಗೈಯಲ್ಲಿ ಏಕೆಂದರೆ ಬಲಗೈ ಕುಕ್ಕರಿನ ಹಬೆಗೆ ಸುಟ್ಟಿತ್ತು. ಆ ಪುಟ ಏನು ಹೇಳಿತು, ನಾನು ಏನು ಮಾಡಿದೆ, ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಸಂಪಾದಕ ಮಿತ್ರರು ಕ್ಷಮಿಸಬೇಕು. ಈ ಲೇಖನ ಆ ಪುಟದ ಮೇಲೆ ಜಗಳಕ್ಕೆ ಬಂದದ್ದು. ಆದರೆ ಪುಟ ಬೇಡ ಅನ್ನುವ ಜಗಳ ಅಲ್ಲ.

ಮೊದಲು ನನ್ನ ಕಥೆ. ನಾನು ಹತ್ತನೆಯ ತರಗತಿಯವರೆಗೆ ಕುಂದಾಪುರದ ಕಡೆ ಅಜ್ಜಿಮನೆಯಲ್ಲಿದ್ದು ಕನ್ನಡ ಮಾಧ್ಯಮದಲ್ಲಿ ಓದಿದವನು. ಆಮೇಲೆ ಡೊಂಬಿವಲಿಗೆ, ಅಪ್ಪಯ್ಯ ಅಮ್ಮನ ಹತ್ತಿರ ಬಂದೆ. ಅಪ್ಪಯ್ಯ ಮುಂಬಯಿಯ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾರೆ. ಟೇಬಲ್ ಒರೆಸುವ ಹುಡುಗನಾಗಿ ಸೇರಿ, ಈಗ ದೋಸೆ ಕಾವಲಿಯ ಮುಂದೆ ನಿಂತಿದ್ದಾರೆ. ಅವರು ಹಿಟ್ಟು ಹರಡುವುದನ್ನು ನಾನು ನೋಡಿದ್ದೇನೆ. ಹಿಟ್ಟಿನ ವಾಸನೆ ನೋಡಿಯೇ ಇದು ಎಷ್ಟು ಹುಳಿ ಬಂದಿದೆ, ಇನ್ನೆಷ್ಟು ಹೊತ್ತು ತಡೆಯುತ್ತದೆ ಎಂದು ಹೇಳಬಲ್ಲರು. ಹೋಟೆಲಿನಲ್ಲಿ ಅವರ ಮಾತಿಗೆ ಬೆಲೆ ಇದೆ.

ಕಳೆದ ಮಳೆಗಾಲದಲ್ಲಿ ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಮ್ಮ ಅದೇ ದಿನ ರೈಲು ಹತ್ತಿದರು. ನಲವತ್ತು ದಿನ ಊರಲ್ಲೇ ನಿಲ್ಲಬೇಕಾಯಿತು. ಮನೆಯಲ್ಲಿ ಉಳಿದದ್ದು ನಾನು ಮತ್ತು ಮುಂಬಯಿಗೆ ದೋಸೆ ಹೊಯ್ಯುವ ಅಪ್ಪಯ್ಯ. ಮೊದಲ ರಾತ್ರಿ ಅವರು ಕೆಲಸದಿಂದ ಬಂದು, ಅನ್ನಕ್ಕೆ ನೀರಿಟ್ಟು, ಎರಡು ಕಪಾಟು ತೆರೆದು ಮುಚ್ಚಿ, ಕೊನೆಗೆ ಊರಿಗೆ ಫೋನ್ ಮಾಡಿದರು.

"ಉಪ್ಪಿನ ಡಬ್ಬ ಎಲ್ಲಿಟ್ಟಿದ್ದೆ?"

ಆ ಕಡೆಯಿಂದ ಅಮ್ಮನ ಉತ್ತರ ನನಗೂ ಕೇಳಿಸಿತು. "ನೀವ್ ದಿನಾ ಉಂಬುಕೆ ಕೂಕಂಬ ಜಾಗದ ತಲಿ ಮೇಲೇ ಇತ್ತಲೆ!"

ನಾವಿಬ್ಬರೂ ತಲೆಯೆತ್ತಿ ನೋಡಿದೆವು. ಇತ್ತು. ಅಪ್ಪಯ್ಯ ನಕ್ಕರು, ನಾನೂ ನಕ್ಕೆ. ಆದರೆ ಆ ನಗು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಗೆಳೆಯರೇ, ಇದು ನನ್ನ ಒಬ್ಬನ ಮನೆಯ ತಮಾಷೆಯಲ್ಲ. ಇಪ್ಪತ್ತನೆಯ ಶತಮಾನದುದ್ದಕ್ಕೂ ನಮ್ಮ ಕರಾವಳಿಯಿಂದ ಹುಡುಗರು ಈ ಊರಿಗೆ ಬಂದರು, ಹಗಲು ಹೋಟೆಲಿನಲ್ಲಿ ದುಡಿದರು, ಕೆಲವರು ರಾತ್ರಿಶಾಲೆಯಲ್ಲಿ ಓದಿದರು. ಮುಂಬಯಿಗೆ ಇಡ್ಲಿ ಸಾಂಬಾರಿನ ರುಚಿ ಹಿಡಿಸಿದವರಲ್ಲಿ ಇವರು ಮುಖ್ಯರು. ಅದನ್ನು ನಾವು ಸಂಘದ ಪ್ರತಿ ಭಾಷಣದಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಅಂದರೆ ಅಡುಗೆ ಗಂಡಸರಿಗೆ ಬರುವುದಿಲ್ಲ ಎಂಬ ಮಾತು ನಮ್ಮ ಜನರ ಬಾಯಲ್ಲಿ ಬರಲೇಬಾರದು. ಬರುತ್ತದೆ. ಸಂಬಳ ಕೊಟ್ಟರೆ ಗಂಡಸರಿಗೆ ಬರುತ್ತದೆ, ಸಂಬಳ ಇಲ್ಲದಿದ್ದರೆ ಬರುವುದಿಲ್ಲ!

ನನ್ನ ಅಭಿಪ್ರಾಯ ಇಷ್ಟೇ. ಅದೇ ಕೈಕೆಲಸಕ್ಕೆ ಹೋಟೆಲಿನಲ್ಲಿ ವಿದ್ಯೆ ಎಂದು ಹೆಸರು, ಮನೆಯಲ್ಲಿ ಹೆಂಗಸರ ಕೆಲಸ ಎಂದು ಹೆಸರು. ಹೆಸರು ಹಾಗೆ ಇಟ್ಟದ್ದರಿಂದ ನಮ್ಮ ಅಮ್ಮಂದಿರ ವಿದ್ಯೆಯನ್ನು ಯಾರೂ ಕಲಿಯಲಿಲ್ಲ, ಬರೆದಿಡಲಿಲ್ಲ, ಸರಿಯೋ ತಪ್ಪೋ ಎಂದು ಪರೀಕ್ಷೆಯನ್ನೂ ಮಾಡಲಿಲ್ಲ. ಅದರ ನಷ್ಟ ನಮಗೇ ಆಗಿದೆ.

ಇರಲಿ, ಅಡುಗೆಮನೆಗೆ ಬರೋಣ. ಎರಡನೇ ದಿನ ಸಾಂಬಾರಿಗೆ ಇಳಿದೆ. ತೊಗರಿಬೇಳೆ, ತರಕಾರಿ, ಹುಣಸೆಹಣ್ಣಿನ ರಸ, ಉಪ್ಪು ಎಲ್ಲವನ್ನೂ ಒಟ್ಟಿಗೆ ಹಾಕಿ ಕುದಿಸಿದೆ. ಮುಕ್ಕಾಲು ಗಂಟೆಯಾದರೂ ಬೇಳೆ ಕಾಳುಕಾಳಾಗಿಯೇ ಇತ್ತು. ಅಂಗಡಿಯವನು ಹಳೆ ಬೇಳೆ ಕೊಟ್ಟ ಅಂತ ಬೈದುಕೊಂಡು ಅಮ್ಮನಿಗೆ ಫೋನ್ ಮಾಡಿದೆ.

"ಬೇಳೆ ಬೆಂದಿಲ್ಯಾ? ಹುಳಿ ಮೊದ್ಲೇ ಹಾಕಿದ್ಯಾ?"

"ಹೌದು."

"ಹಂಗಾರೆ ಇವತ್ತಿಡೀ ಬೇಯುದಿಲ್ಲ. ಬೇಳೆ ಬೆಂದ್ ಮೇಲೆ ಹುಳಿ ಹಾಕುದ್ ಮಗಾ."

ಯಾಕೆ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. "ನಮ್ಮ ಅತ್ತೆ ಹೇಳಿಕೊಟ್ಟದ್ದು" ಎಂದರು. ಕಾಲೇಜಿನಲ್ಲಿ ವಿಜ್ಞಾನ ವಿಭಾಗದ ಗೆಳೆಯನನ್ನು ಕೇಳಿದೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಇದೆ. ಅದು ಬಿಸಿನೀರಿನಲ್ಲಿ ಕರಗಿದರೆ ಬೇಳೆ ಮೆತ್ತಗಾಗುತ್ತದೆ. ನೀರಿನಲ್ಲಿ ಹುಳಿ ಇದ್ದರೆ ಅದು ಸುಲಭವಾಗಿ ಕರಗುವುದಿಲ್ಲ. ಗಡಸುನೀರಿನ ಸುಣ್ಣದ ಅಂಶವೂ ಹಾಗೇ ತಡೆಯುತ್ತದೆ. ಬಾವಿನೀರು, ಬೋರ್‌ವೆಲ್ ನೀರು ಇರುವ ಕಡೆ ಬೇಳೆ ಹಟ ಮಾಡುವುದು ಇದಕ್ಕೇ. ನೋಡಿ, ನಮ್ಮ ಅಜ್ಜಿಯಿಂದ ಅಮ್ಮನಿಗೆ ಬಂದ ಒಂದು ಸಾಲಿನ ಬುದ್ಧಿಮಾತಿನ ಹಿಂದೆ ಇಷ್ಟು ರಸಾಯನಶಾಸ್ತ್ರ ಇದೆ. ಅದನ್ನು ವಿಜ್ಞಾನದ ಹುಡುಗ ಪುಸ್ತಕದಲ್ಲಿ ಓದಿದ್ದ, ಆದರೆ ಬೇಳೆ ಬೇಯಿಸಿರಲಿಲ್ಲ. ಅಮ್ಮ ಬೇಳೆ ಬೇಯಿಸಿದ್ದರು, ಆದರೆ ಪುಸ್ತಕ ಓದಿರಲಿಲ್ಲ. ಇಬ್ಬರನ್ನೂ ಕೂಡಿಸುವ ಕೆಲಸವನ್ನು ಒಂದು ವಿದ್ಯಾರ್ಥಿ ಪತ್ರಿಕೆಯಾದರೂ ಮಾಡಬೇಡವೇ?

ಮೂರನೇ ದಿನ ಉಪ್ಪು ಹೆಚ್ಚಾಯಿತು. ಆಗ ಮೊದಲ ಬಾರಿ ನಮ್ಮ ಕಿವಿಮಾತಿನ ಪುಟ ನೆನಪಾಯಿತು. 'ಸಾಂಬಾರಿಗೆ ಉಪ್ಪು ಹೆಚ್ಚಾದರೆ ಹಸಿ ಆಲೂಗಡ್ಡೆಯ ತುಂಡು ಹಾಕಿ, ಉಪ್ಪನ್ನು ಹೀರಿಕೊಳ್ಳುತ್ತದೆ' ಎಂದು ಯಾರೋ ಓದಿ ಹೇಳಿದ್ದರು. ಹಾಕಿದೆ, ಕುದಿಸಿದೆ, ರುಚಿ ನೋಡಿದೆ. ಆಲೂಗಡ್ಡೆ ಉಪ್ಪಾಗಿತ್ತು, ಸಾಂಬಾರೂ ಹಾಗೇ ಉಪ್ಪಾಗಿತ್ತು. ಆಮೇಲೆ ಲೆಕ್ಕ ಹಾಕಿದೆ, ವಾಣಿಜ್ಯದ ಹುಡುಗನಿಗೆ ಇನ್ನೇನು ಬರುತ್ತದೆ! ಆಲೂಗಡ್ಡೆ ಹೀರುವುದು ಉಪ್ಪುನೀರನ್ನು; ಉಪ್ಪನ್ನು ಆರಿಸಿ ತೆಗೆಯುವ ಶಕ್ತಿ ಅದಕ್ಕಿಲ್ಲ. ಉಳಿದ ನೀರಿನ ಉಪ್ಪಿನ ಪ್ರಮಾಣ ಇದ್ದ ಹಾಗೇ ಇರುತ್ತದೆ. ಒಂದೂವರೆ ಲೀಟರ್ ಸಾಂಬಾರಿಗೆ ಮೂರು ಚಮಚ ಹದ ಎಂದಿಟ್ಟುಕೊಳ್ಳಿ. ನಾಲ್ಕು ಚಮಚ ಬಿದ್ದರೆ ಆ ಉಪ್ಪಿಗೆ ಎರಡು ಲೀಟರ್ ಸಾಂಬಾರು ಬೇಕು. ಅಂದರೆ ಉಪ್ಪಿಲ್ಲದ ಬೇಳೆಕಟ್ಟು ಇನ್ನರ್ಧ ಲೀಟರ್ ಸೇರಿಸಬೇಕು. ಅದೇ ಉಪಾಯ, ಬೇರೆ ಇಲ್ಲ. ಬೆಲ್ಲವೋ ಹುಳಿಯೋ ಹಾಕಿದರೆ ನಾಲಿಗೆಗೆ ಸ್ವಲ್ಪ ಮರೆಯಾದೀತು, ಉಪ್ಪು ಕಡಿಮೆಯಾಗುವುದಿಲ್ಲ.

'ಹದ' ಅಂದೆ. ಈ ಒಂದು ಶಬ್ದ ನನ್ನನ್ನು ನಲವತ್ತು ದಿನ ಅಳಿಸಿತು. ಉಪ್ಪು ಎಷ್ಟು? ಹದಕ್ಕೆ. ನೀರು ಎಷ್ಟು? ಹದ ಕಂಡು. ಹಿಟ್ಟು ಎಷ್ಟು ನುಣ್ಣಗೆ? ಕೈಗೆ ಹದ ಸಿಗ್ತದೆ. ನನಗೆ ಸಿಟ್ಟು ಬಂದು, "ಅಮ್ಮ, ಹದ ಅಂದ್ರೆ ಎಷ್ಟು ಚಮಚ ಹೇಳಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇಷ್ಟ್ ವರ್ಷದಲ್ಲಿ ಯಾರೂ ಕೇಂಡದ್ದಿಲ್ಲ ಮಗಾ, ನಾನ್ ಅಳತೆ ಮಾಡಿ ಕಾಣ್ಲಿಲ್ಲ" ಅಂದರು.

ಮಾರನೆಯ ದಿನದಿಂದ ಹಳೆಯ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆಯತೊಡಗಿದೆ. ಎಡಗಡೆ ಅಮ್ಮ ಹೇಳಿದ್ದು, ಬಲಗಡೆ ನಾನು ಅಳೆದದ್ದು. ಇಡ್ಲಿಗೆ ಒಂದು ಲೋಟ ಉದ್ದು, ಎರಡು ಲೋಟ ಇಡ್ಲಿರವೆ. ಮಳೆಗಾಲದಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಪಾತ್ರೆ ತುಂಬಿ ಕಟ್ಟೆಯ ಮೇಲೆ ಹರಿದಿರುತ್ತದೆ, ಆದ್ದರಿಂದ ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ದಿಲ್ಲಿಯಲ್ಲಿ ಓದುವ ನನ್ನ ಸೋದರತ್ತೆಯ ಮಗನಿಗೆ ಇದರ ತಿರುಗುಮುರುಗು ಕಷ್ಟ. ಜನವರಿಯಲ್ಲಿ ಹಿಟ್ಟು ಎರಡು ದಿನವಾದರೂ ಉಬ್ಬುವುದಿಲ್ಲ. ಹಿಟ್ಟನ್ನು ಉಬ್ಬಿಸುವುದು ಉದ್ದಿನಲ್ಲಿ ಅಕ್ಕಿಯಲ್ಲಿ ಇರುವ ಸೂಕ್ಷ್ಮಜೀವಿಗಳು, ಅವಕ್ಕೆ ಬೆಚ್ಚಗಿರಬೇಕು. ಅಗಲ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು, ಅದರೊಳಗೆ ಹಿಟ್ಟಿನ ಪಾತ್ರೆ ಇಟ್ಟು, ಮೇಲೆ ಕಂಬಳಿ ಹೊದೆಸು ಅಂತ ಅಮ್ಮ ಅವನಿಗೂ ಹೇಳಿದರು. ಆ ವಾರ ಅವನ ಹಾಸ್ಟೆಲಿನಲ್ಲಿ ಕನ್ನಡದ ಹುಡುಗರೆಲ್ಲ ಇಡ್ಲಿ ತಿಂದರಂತೆ.

ಗ್ಯಾಸಿನ ಲೆಕ್ಕವನ್ನೂ ಬರೆದೆ. ಮನೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರುತ್ತದೆ, ಅದು ಖಾಲಿಯಾಗುವುದು ನಮ್ಮ ಕೈಯಲ್ಲಿದೆ. ನಾನು ಮೊದಲು ಉರಿ ಜೋರು ಇಟ್ಟರೆ ಬೇಗ ಬೇಯುತ್ತದೆ ಎಂದುಕೊಂಡಿದ್ದೆ. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಉರಿ ಎಷ್ಟು ಹೆಚ್ಚಿಸಿದರೂ ಅದರ ಬಿಸಿ ಹೆಚ್ಚುವುದಿಲ್ಲ, ನೀರು ಆವಿಯಾಗಿ ಹೋಗುವುದಷ್ಟೇ ಜಾಸ್ತಿ. ಮುಚ್ಚಿದ ಕುಕ್ಕರಿನೊಳಗೆ ಒತ್ತಡ ಇರುವುದರಿಂದ ನೀರು ಸುಮಾರು 120 ಡಿಗ್ರಿಯವರೆಗೆ ಬಿಸಿಯಾಗುತ್ತದೆ. ಅಲ್ಲಿಯೂ ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣದು ಮಾಡಿದರೆ ಸಾಕು. ನಮ್ಮ ಕುಚ್ಚಲಕ್ಕಿಯನ್ನು ಅಮ್ಮ ಹೇಗೆ ಮಾಡುತ್ತಾರೆ ಗೊತ್ತೇ? ಹತ್ತು ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿಟ್ಟು, ಬೇರೆ ಕೆಲಸಕ್ಕೆ ಹೋಗುತ್ತಾರೆ. ಅರ್ಧ ಗಂಟೆ ಬಿಟ್ಟು ಬಂದು ಇನ್ನೊಮ್ಮೆ ಕುದಿಸಿ ಗಂಜಿ ಬಸಿಯುತ್ತಾರೆ. ನಡುವಿನ ಅರ್ಧ ಗಂಟೆ ಅಕ್ಕಿ ಬೇಯುವುದು ಪುಕ್ಕಟೆ. ವೆಚ್ಚ ಲೆಕ್ಕಶಾಸ್ತ್ರದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನನ್ನ ಪಠ್ಯಪುಸ್ತಕ ಕೊಟ್ಟಿಲ್ಲ.

ಈಗ ಸುಟ್ಟ ಕೈಯ ವಿಷಯ. ಹದಿನೇಳನೇ ದಿನ, ಕಾಲೇಜಿನಿಂದ ಹಸಿದು ಬಂದವನು ಕುಕ್ಕರಿನ ಒತ್ತಡ ಇಳಿಯುವ ಮೊದಲೇ ಮುಚ್ಚಳವನ್ನು ಬಲವಂತದಿಂದ ತಿರುಗಿಸಿದೆ. ಹಬೆ ಮಣಿಕಟ್ಟಿಗೆ ಹೊಡೆಯಿತು. ಮನೆಯಲ್ಲಿ ಯಾರೂ ಇಲ್ಲ. ಆಗ ಆ ಪುಟ ಹುಡುಕಿದೆ. ಒಂಬತ್ತನೇ ಸಲಹೆ: 'ಕೈ ಸುಟ್ಟರೆ ಕೂಡಲೇ ಟೂತ್‌ಪೇಸ್ಟ್ ಹಚ್ಚಿ, ಬೊಕ್ಕೆ ಏಳುವುದಿಲ್ಲ.' ಹಚ್ಚಿದೆ. ಬೊಕ್ಕೆ ಎದ್ದಿತು. ಪೇಸ್ಟು ಒಣಗಿ ಗಾಯಕ್ಕೆ ಅಂಟಿತು. ಮಾರನೆಯ ದಿನ ಡಾಕ್ಟರು ಅದನ್ನು ತೊಳೆದು ತೆಗೆಯುವಾಗ ನಾನು ಕಿರುಚಿದೆ, ಅವರು ಬೈದರು. ಸುಟ್ಟ ಕೂಡಲೇ ಮಾಡಬೇಕಾದದ್ದು ಒಂದೇ, ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಯುವುದು. ಐಸ್ ಬೇಡ, ಪೇಸ್ಟ್ ಬೇಡ, ಶಾಯಿ ಬೇಡ, ಬೆಣ್ಣೆ ಬೇಡ. ಬೊಕ್ಕೆ ಒಡೆಯಬಾರದು. ಗಾಯ ದೊಡ್ಡದಾಗಿದ್ದರೆ ಡಾಕ್ಟರ ಹತ್ತಿರ ಹೋಗಬೇಕು.

ನನ್ನ ಸಿಟ್ಟು ಇಲ್ಲಿದೆ, ಗೆಳೆಯರೇ. ಕವಿತೆಯ ಪುಟದಲ್ಲಿ ಒಂದು ಒತ್ತಕ್ಷರ ತಪ್ಪಿದರೆ ನಮ್ಮ ಸಂಘದ ಸಭೆಯಲ್ಲಿ ಅರ್ಧ ಗಂಟೆ ಜಗಳ ಆಗುತ್ತದೆ. ಈ ಪುಟದಲ್ಲಿ ಕೈ ಸುಡುವಂಥ ತಪ್ಪು ಅಚ್ಚಾದರೂ ಒಬ್ಬನೂ ಕೇಳಲಿಲ್ಲ. ಏಕೆಂದರೆ ಯಾರೂ ಅದನ್ನು ಓದುವುದಿಲ್ಲ, ಓದಿದರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಪುಟ ತುಂಬಿಸಲು ಎಲ್ಲಿಂದಲೋ ಎತ್ತಿ ಹಾಕಿದ ಹನ್ನೆರಡು ಸಾಲು ಅಷ್ಟೆ. ಅಡುಗೆಮನೆಯಲ್ಲಿ ಬೆಂಕಿ ಇದೆ, ಅನಿಲ ಇದೆ, ಆಮ್ಲ ಇದೆ. ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. ಆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಬೇಕು. ಕಕ್ಕಸು ತೊಳೆಯುವ ಆಸಿಡ್ಡನ್ನೂ ಬ್ಲೀಚನ್ನೂ ಕೂಡಿಸಿದರೆ ವಿಷದ ಕ್ಲೋರಿನ್ ಅನಿಲ ಬರುತ್ತದೆ. ಇವು ಸೋದರಿಯರಿಗೆ ಮಾತ್ರ ಗೊತ್ತಿರಬೇಕಾದ ವಿಷಯಗಳೇ? ಬೆಂಕಿ ಗಂಡು ಹೆಣ್ಣು ನೋಡಿ ಸುಡುತ್ತದೆಯೇ?

ನಾವು ವಾಣಿಜ್ಯ ವಿದ್ಯಾರ್ಥಿಗಳು ಇನ್ನೊಂದು ತಪ್ಪಿಗೂ ಪಾಲುದಾರರು. ಪಿಗೂ ಎಂಬ ಅರ್ಥಶಾಸ್ತ್ರಜ್ಞ 1920ರಲ್ಲೇ ಒಂದು ವಿಚಿತ್ರವನ್ನು ತೋರಿಸಿದ್ದ. ಒಬ್ಬಾತ ತನ್ನ ಸಂಬಳದ ಮನೆಗೆಲಸದಾಕೆಯನ್ನು ಮದುವೆಯಾದರೆ ರಾಷ್ಟ್ರೀಯ ಆದಾಯ ಅಷ್ಟರ ಮಟ್ಟಿಗೆ ಇಳಿಯುತ್ತದೆ, ಕೆಲಸ ಅಷ್ಟೇ ಇದ್ದರೂ! ಅಪ್ಪಯ್ಯ ಹೋಟೆಲಿನಲ್ಲಿ ಹೊಯ್ದ ದೋಸೆ ದೇಶದ ಉತ್ಪನ್ನದ ಲೆಕ್ಕಕ್ಕೆ ಬರುತ್ತದೆ, ಅಮ್ಮ ಮನೆಯಲ್ಲಿ ಹೊಯ್ದದ್ದು ಇವತ್ತಿಗೂ ಬರುವುದಿಲ್ಲ. 2019ರಲ್ಲಿ ಭಾರತ ಸರ್ಕಾರವೇ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. 'ಮಾಡುವ ಗಂಡಸರು' ಎಂಬುದನ್ನು ಗಮನಿಸಿ. ಹೆಂಗಸರಲ್ಲಿ ನೂರಕ್ಕೆ ಎಂಬತ್ತೊಂದು ಮಂದಿ ಮಾಡಿದರೆ ಗಂಡಸರಲ್ಲಿ ಇಪ್ಪತ್ತಾರು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ರಸ್ತೆ ಅಪಘಾತದ ಪರಿಹಾರದ ಒಂದು ತೀರ್ಪಿನಲ್ಲಿ ಗೃಹಿಣಿಯ ಕೆಲಸಕ್ಕೂ ಆದಾಯದ ಅಂದಾಜು ಹಿಡಿಯಬೇಕೆಂದು ಒತ್ತಿ ಹೇಳಿತು. ಒಳ್ಳೆಯದೇ. ಆದರೆ ಯೋಚಿಸಿ, ಆಕೆಯ ಹೆಸರಿನಲ್ಲಿ ಖಾತೆ ತೆರೆಯುವುದಕ್ಕೆ ಆಕೆ ಸಾಯಬೇಕಾಯಿತೇ?

ಕೆಲವರು ಹೇಳಬಹುದು, ನಮಗೆ ಮೆಸ್ ಇದೆ, ಡಬ್ಬಾವಾಲ ಇದ್ದಾನೆ, ಓದುವ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂತ. ಅಪ್ಪಯ್ಯನ ಮಾತೂ ಬೇರೆ ಅಲ್ಲ. ಹನ್ನೆರಡು ಗಂಟೆ ಕಾವಲಿಯ ಮುಂದೆ ನಿಂತು ಬಂದವನಿಗೆ ಮನೆಯಲ್ಲಿ ಮತ್ತೆ ಒಲೆ ನೋಡಲು ಮನಸ್ಸಾಗುವುದಿಲ್ಲ ಎನ್ನುತ್ತಾರೆ. ಅವರ ಕಾಲಿನ ಊತ ನಾನು ನೋಡಿದ್ದೇನೆ, ಆ ಮಾತು ಸುಳ್ಳಲ್ಲ. ಆದರೆ ಅವರಿಗೆ ವಾರಕ್ಕೊಂದು ರಜೆ ಇದೆ. ಅಮ್ಮನಿಗೆ ಆ ರಜೆಯ ದಿನ ಇನ್ನೊಂದು ಊಟ ಹೆಚ್ಚು.

ಈ ಲೇಖನದ ಕರಡನ್ನು ತರಗತಿಯ ಗೆಳತಿಯೊಬ್ಬಳಿಗೆ ತೋರಿಸಿದೆ. ಹೊಗಳುತ್ತಾಳೆ ಎಂದುಕೊಂಡಿದ್ದೆ. ಅವಳು ಓದಿ ಮುಗಿಸಿ, "ನೀನು ನಲವತ್ತು ದಿನ ಅಡುಗೆ ಮಾಡಿ ಲೇಖನ ಬರೆದೆ. ನಾನು ಎಂಟನೇ ಕ್ಲಾಸಿನಿಂದ ಮಾಡ್ತಾ ಇದ್ದೀನಿ, ನನ್ನ ಹತ್ರ ಯಾರೂ ಲೇಖನ ಕೇಳಲಿಲ್ಲ" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವಳ ಮಾತನ್ನು ಇಲ್ಲಿ ಸೇರಿಸಲು ಅವಳ ಒಪ್ಪಿಗೆ ಕೇಳಿದೆ, ಕೊಟ್ಟಳು.

ಅಮ್ಮ ಬಂದ ಮೇಲೆ ಅಪ್ಪಯ್ಯ ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಉಪ್ಪಿನ ಡಬ್ಬ ಎಲ್ಲಿದೆ ಎಂದು ಗೊತ್ತು, ಅಷ್ಟೆ. ನಾನು ರಾತ್ರಿಯ ಅಡುಗೆ ವಾರಕ್ಕೆ ಮೂರು ದಿನ ಮಾಡುತ್ತೇನೆ. ಅಮ್ಮ ನನ್ನ ನೋಟ್‌ಬುಕ್ಕನ್ನು ತಿರುವಿ, ಎರಡು ಕಡೆ ತಪ್ಪು ತೋರಿಸಿ, ಒಂದು ಕಡೆ ನಕ್ಕರು. ಆಮೇಲೆ ಅದನ್ನು ಉಪ್ಪಿನ ಡಬ್ಬದ ಪಕ್ಕದಲ್ಲೇ ಇಟ್ಟರು.

ಸಂಪಾದಕ ಮಂಡಳಿಗೆ ನನ್ನ ಬೇಡಿಕೆ ಮೂರು. ಒಂದು, ಆ ಪುಟದಿಂದ 'ಸೋದರಿಯರಿಗೆ' ಎಂಬ ಪದ ತೆಗೆಯಿರಿ. ಎರಡು, ಪ್ರತಿ ಸಲಹೆಯ ಜೊತೆ ಅಳತೆ ಎಷ್ಟು, ಕಾರಣ ಏನು, ಮಾಡಿ ನೋಡಿದವರು ಯಾರು ಎಂಬುದನ್ನು ಬರೆಯಿರಿ. ಮಾಡಿ ನೋಡದ್ದನ್ನು ಅಚ್ಚು ಮಾಡಬೇಡಿ. ಮೂರು, ಎಂಟನೇ ಕ್ಲಾಸಿನಿಂದ ಅಡುಗೆ ಮಾಡಿದವರ ಹತ್ತಿರ ಮೊದಲು ಲೇಖನ ಕೇಳಿ, ಆಮೇಲೆ ನನ್ನಂಥವರ ಹತ್ತಿರ.

ಒಂಬತ್ತನೇ ಸಲಹೆಯ ತಿದ್ದುಪಡಿ ಮಾತ್ರ ಮುಂದಿನ ಸಂಚಿಕೆಗೆ ಕಾಯಬಾರದು. ಅದನ್ನು ಸಂಘದ ಸೂಚನಾಫಲಕದಲ್ಲಿ ಇವತ್ತೇ ಹಾಕಿ: ಸುಟ್ಟರೆ ತಣ್ಣೀರು, ಇಪ್ಪತ್ತು ನಿಮಿಷ.

— ದ್ವಿತೀಯ ಬಿ.ಕಾಂ. ವಿದ್ಯಾರ್ಥಿ